ಚಿಟಿಕೆ ಸೊಪ್ಪು, ಹಿಡಿ ಸೊಪ್ಪು

ಬೆಂಗಳೂರಿನ ದೊಡ್ಡ ಅಂಗಡಿಗಳ ತರಕಾರಿ ಕಪಾಟಿನಲ್ಲಿ ಈಗೀಗ ಕೊತ್ತಂಬರಿ, ಪುದೀನಗಳ ಪಕ್ಕದಲ್ಲೇ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೂತಿರುತ್ತದೆ. ಒಳಗೆ ಹುಲ್ಲಿನಂಥ ಹಸಿರು ಎಸಳುಗಳು, ಹಿಚುಕಿ ನೋಡಿದರೆ ಒಳಗೆಲ್ಲ ಟೊಳ್ಳು. ಹೆಸರು ಚೈವ್ಸ್, ಈರುಳ್ಳಿಯ ಬಳಗದ ಒಂದು ಪುಟ್ಟ ಗಿಡ. ಆ ಡಬ್ಬಿಯ ದುಡ್ಡಿಗೆ ಹೊರಗಿನ ತಳ್ಳುಗಾಡಿಯಲ್ಲಿ ಹಲವು ಕಟ್ಟು ಕೊತ್ತಂಬರಿ ಬರುತ್ತದೆ. ಆದರೂ ಕೊಳ್ಳುವವರಿದ್ದಾರೆ. ಅಡುಗೆಯ ಆಸೆಗೆ ಕೊಳ್ಳುವವರು ಕೆಲವರು, ಫೋನಿಗೆ ಬಂದ ಆರೋಗ್ಯ ಸಂದೇಶ ಓದಿ ಕೊಳ್ಳುವವರು ಹಲವರು. ಮೂಳೆ ಗಟ್ಟಿಯಾಗುತ್ತದೆ, ಕಣ್ಣಿಗೆ ಒಳ್ಳೆಯದು, ರಕ್ತದೊತ್ತಡ ಇಳಿಯುತ್ತದೆ, ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ ಎಂದು ಆ ಪಟ್ಟಿ ಬೆಳೆಯುತ್ತದೆ. ಅದರಲ್ಲಿರುವುದೆಲ್ಲ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಎಷ್ಟು ತಿಂದರೆ ಎಂಬುದನ್ನು ಮಾತ್ರ ಯಾರೂ ಬರೆದಿರುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಹಸಿ ಚೈವ್ಸ್‌ನಲ್ಲಿ ಸುಮಾರು 58 ಮಿಲಿಗ್ರಾಂ ವಿಟಮಿನ್ ಸಿ, 213 ಮೈಕ್ರೋಗ್ರಾಂ ವಿಟಮಿನ್ ಕೆ, 105 ಮೈಕ್ರೋಗ್ರಾಂ ಫೋಲೇಟ್, 92 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕ್ಯಾಲೊರಿ ಬರೀ 30. ಸೊಪ್ಪುಗಳ ಸಾಲಿನಲ್ಲಿ ಮರ್ಯಾದೆಯ ಅಂಕವೇ. ಆದರೆ ಅದೇ ಕೋಷ್ಟಕ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಸಣ್ಣಗೆ ಹೆಚ್ಚಿದ ಚೈವ್ಸ್ ಒಂದು ದೊಡ್ಡ ಚಮಚದಷ್ಟು ತೆಗೆದುಕೊಂಡರೆ ತೂಗುವುದು 3 ಗ್ರಾಂ. ನಾವು ಆಮ್ಲೆಟ್ ಮೇಲೆ ಉದುರಿಸುವುದು ಅಷ್ಟೇ, ಕೆಲವೊಮ್ಮೆ ಅಷ್ಟೂ ಇಲ್ಲ. ಅಷ್ಟರಲ್ಲಿ ಸಿಗುವ ವಿಟಮಿನ್ ಸಿ 2 ಮಿಲಿಗ್ರಾಂಗೂ ಕಡಿಮೆ. ವಯಸ್ಕ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಮಾಡಿದೆ. ಒಂದು ಸೀಬೆಹಣ್ಣು ತಿಂದರೆ ಆ ಲೆಕ್ಕ ಮುಗಿದು ಮೇಲೆ ಉಳಿಯುತ್ತದೆ. ಇನ್ನು ಆ ಚಮಚದ ಕ್ಯಾಲ್ಸಿಯಂ ಸುಮಾರು 3 ಮಿಲಿಗ್ರಾಂ. ರಾಗಿಮುದ್ದೆ ತಿನ್ನುವ ಜನರೆದುರು ಅದನ್ನು ಹೇಳಿಕೊಳ್ಳಲು ಚೈವ್ಸ್‌ಗೇ ಸಂಕೋಚವಾದೀತು.

ವಿಟಮಿನ್ ಬಿಡಿ, ಆಂಟಿಆಕ್ಸಿಡೆಂಟ್ ಇದೆಯಲ್ಲ ಎನ್ನುವವರಿದ್ದಾರೆ. ಒಂದು ಕಾಲಕ್ಕೆ ಅಮೆರಿಕದ ಅದೇ ಇಲಾಖೆ ಓರಾಕ್ ಎಂಬ ಅಳತೆಯಲ್ಲಿ ನೂರಾರು ಆಹಾರಗಳಿಗೆ ಅಂಕ ಕೊಟ್ಟು ಪಟ್ಟಿ ಪ್ರಕಟಿಸಿತ್ತು. ಲವಂಗ, ಒಣ ಓರೆಗಾನೊದಂಥವು ಅದರ ತುದಿಯಲ್ಲಿ ಮೆರೆದವು, ಮೂಲಿಕೆಗಳ ಜಾಹೀರಾತಿಗೆ ಅದೇ ಬಂಡವಾಳವಾಯಿತು. 2012ರಲ್ಲಿ ಇಲಾಖೆ ಆ ಪಟ್ಟಿಯನ್ನು ತಾನೇ ತೆಗೆದುಹಾಕಿತು. ಪ್ರಯೋಗಾಲಯದ ಕೊಳವೆಯಲ್ಲಿ ಅಳೆದ ಆ ಅಂಕಕ್ಕೂ ಮನುಷ್ಯನ ಮೈಯೊಳಗೆ ನಡೆಯುವುದಕ್ಕೂ ಸಂಬಂಧ ಹೇಳಲಾಗದು, ಕಂಪನಿಗಳು ಅದನ್ನು ದುರುಪಯೋಗ ಮಾಡಿಕೊಳ್ಳುತ್ತಿವೆ ಎಂಬುದು ಅದು ಕೊಟ್ಟ ಕಾರಣ. ಪಟ್ಟಿ ಹೋಯಿತು, ಫೋನಿನ ಸಂದೇಶಗಳು ಇನ್ನೂ ಓಡಾಡುತ್ತಿವೆ.

ಹಾಗಾದರೆ ಚೈವ್ಸ್ ಯಾಕೆ ಬೇಕು? ರುಚಿಗೆ. ಇದನ್ನು ಹೇಳಲು ನಮಗೆ ಈಚೆಗೆ ನಾಚಿಕೆಯಾಗತೊಡಗಿದೆ. ಏನನ್ನೇ ತಿಂದರೂ ಒಂದು ಔಷಧೀಯ ಕಾರಣ ಕೊಡಬೇಕು ಎನ್ನುವಂತಾಗಿದೆ. ಈರುಳ್ಳಿಯ ಘಾಟಿಲ್ಲದೆ ಈರುಳ್ಳಿಯ ಪರಿಮಳ ಬೇಕೆಂದರೆ ಇದಕ್ಕಿಂತ ನಯವಾದ ಸೊಪ್ಪು ಸಿಗುವುದು ಕಷ್ಟ. ಆದರೆ ಅದನ್ನು ಬಳಸುವ ಕ್ರಮ ನಮ್ಮ ಒಗ್ಗರಣೆಯ ಅಭ್ಯಾಸಕ್ಕೆ ತೀರಾ ವಿರುದ್ಧ. ಆ ಕ್ರಮ ತಿಳಿಯದೆ ದುಡ್ಡು ಕೊಟ್ಟವರು ಇದರಲ್ಲೇನಿದೆ, ಬರೀ ಹುಲ್ಲು ಎಂದು ಡಬ್ಬಿಯನ್ನು ಫ್ರಿಜ್ಜಿನ ಹಿಂದಕ್ಕೆ ತಳ್ಳುತ್ತಾರೆ.

ಗಿಡದಲ್ಲಿರುವ ಎಸಳನ್ನು ಮೂಸಿ ನೋಡಿ, ಹೆಚ್ಚೇನೂ ವಾಸನೆ ಇರದು. ಈರುಳ್ಳಿ, ಬೆಳ್ಳುಳ್ಳಿಗಳಂತೆ ಇದರಲ್ಲೂ ಗಂಧಕ ಸೇರಿದ ವಸ್ತುಗಳು ಜೀವಕೋಶದ ಒಂದು ಕಡೆ, ಅವನ್ನು ಒಡೆಯುವ ಅಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಬೇರೆಬೇರೆಯಾಗಿ ಇರುತ್ತವೆ. ಕತ್ತಿ ಬಿದ್ದು ಗೋಡೆ ಒಡೆದಾಗ ಎರಡೂ ಕೂಡುತ್ತವೆ, ಆಗ ಪರಿಮಳ ಹುಟ್ಟುತ್ತದೆ. ಬೆಳ್ಳುಳ್ಳಿಯಲ್ಲಿ ಹೀಗೆ ಹುಟ್ಟುವ ಅಲಿಸಿನ್ ಅನ್ನು ಚೆಸ್ಟರ್ ಕವಲಿಟೊ ಎಂಬ ರಸಾಯನ ವಿಜ್ಞಾನಿ ಬೇರ್ಪಡಿಸಿ ವಿವರಿಸಿದ್ದು 1944ರಲ್ಲಿ. ಚೈವ್ಸ್‌ನಲ್ಲಿ ಹುಟ್ಟುವುದು ಅದರ ದಾಯಾದಿಗಳು, ಹೆಚ್ಚು ಸೌಮ್ಯ. ಈರುಳ್ಳಿ ಕಣ್ಣೀರು ತರಿಸುವಷ್ಟು ಖಾರ ಅವಕ್ಕಿಲ್ಲ. ಇಲ್ಲಿ ಎರಡು ವಿಷಯ ನೆನಪಿಡಬೇಕು. ಬಿಸಿ ತಗುಲಿದರೆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಹುಟ್ಟಿದ ಪರಿಮಳವೂ ಹೆಚ್ಚು ಹೊತ್ತು ನಿಲ್ಲದೆ ಹಾರಿಹೋಗುತ್ತದೆ. ಕಾದ ಎಣ್ಣೆಗೆ ಹಾಕಿದ ಚೈವ್ಸ್ ಕ್ಷಣದಲ್ಲಿ ಬಾಡಿ, ಕಂದಿ, ಹುಲ್ಲಾಗುವುದು ಇದರಿಂದಲೇ. ಕರಿಬೇವಿನ ಪರಿಮಳ ಎಣ್ಣೆಗೆ ಇಳಿದು ಅಲ್ಲೇ ನೆಲೆಸುವಂಥದ್ದು, ಅದಕ್ಕೆ ಒಗ್ಗರಣೆ ಸರಿ. ಚೈವ್ಸ್‌ಗೆ ಒಲೆ ಆರಿಸಿದ ಮೇಲಿನ ಹೊತ್ತೇ ಮುಹೂರ್ತ.

ಕತ್ತಿಯ ಹರಿತವೂ ಇಲ್ಲಿ ಮುಖ್ಯ. ಮೊಂಡು ಚಾಕುವಿನಲ್ಲಿ ಒತ್ತಿ ಒತ್ತಿ ಕೊಚ್ಚಿದರೆ ಎಸಳು ಜಜ್ಜಿ ರಸವೆಲ್ಲ ಹಲಗೆಗೆ ಇಳಿಯುತ್ತದೆ, ವಾಸನೆಯೂ ಒರಟಾಗುತ್ತದೆ. ತೊಳೆದು, ಬಟ್ಟೆಯಲ್ಲಿ ಒತ್ತಿ ನೀರು ಪೂರ್ತಿ ತೆಗೆದು, ಎಸಳುಗಳನ್ನು ಒಂದೇ ದಿಕ್ಕಿಗೆ ಹಿಡಿ ಮಾಡಿ, ಒಂದೊಂದೇ ಏಟಿಗೆ ತೆಳುವಾಗಿ ಕತ್ತರಿಸಬೇಕು. ಈಳಿಗೆಮಣೆ ಬಲ್ಲವರಿಗೆ ಇದು ಲೀಲಾಜಾಲ. ಉಳಿದವರಿಗೆ ಹರಿತವಾದ ಕತ್ತರಿ ಸಾಕು. ಹೆಚ್ಚಿಟ್ಟು ಗಂಟೆಗಟ್ಟಲೆ ಬಿಡಬಾರದು, ಬಡಿಸುವ ಹೊತ್ತಿಗೇ ಹೆಚ್ಚಬೇಕು. ಉಳಿದ ಎಸಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಫ್ರಿಜ್ಜಿನಲ್ಲಿ ಕೆಲವು ದಿನ ಚೆನ್ನಾಗಿರುತ್ತದೆ. ಹೆಚ್ಚಿ ಫ್ರೀಜರಿನಲ್ಲಿಡುವುದೂ ಆಗುತ್ತದೆ. ಸೀಸೆಯಲ್ಲಿ ಮಾರುವ ಒಣ ಚೈವ್ಸ್ ಕೊಳ್ಳುವ ಗೋಜಿಗೆ ಹೋಗಬೇಡಿ. ಹಸಿರು ಬಣ್ಣದ ಹೊಟ್ಟಿಗೆ ಅಷ್ಟು ಬೆಲೆ ಯಾಕೆ?

ಜೊತೆಗಾರರ ವಿಷಯದಲ್ಲಿ ಯುರೋಪಿನ ಅಡುಗೆಮನೆಗಳು ಶತಮಾನಗಳ ಹಿಂದೆಯೇ ತೀರ್ಮಾನಕ್ಕೆ ಬಂದಿವೆ. ಮೊಟ್ಟೆ, ಆಲೂಗಡ್ಡೆ, ಬೆಣ್ಣೆ, ಹುಳಿ ಕೆನೆ, ಮೀನು. ಫ್ರೆಂಚರು ಪಾರ್ಸ್ಲಿ, ಟ್ಯಾರಗಾನ್, ಚೆರ್ವಿಲ್, ಚೈವ್ಸ್ ನಾಲ್ಕನ್ನೂ ಹೆಚ್ಚಿ ಬೆರೆಸಿ ಆಮ್ಲೆಟ್ಟಿಗೆ ಹಾಕುತ್ತಾರೆ. ನ್ಯೂಯಾರ್ಕಿನ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ ಲೂಯಿ ದಿಯಾ ಎಂಬ ಬಾಣಸಿಗ 1917ರಲ್ಲಿ ಮಾಡಿದ ವಿಶಿಸ್ವಾಜ್ ಎಂಬ ತಣ್ಣನೆಯ ಆಲೂಗಡ್ಡೆ ಸೂಪಿನ ಮೇಲೆ ತೇಲುವುದೂ ಚೈವ್ಸ್ ಚೂರುಗಳೇ. ಸ್ವೀಡನ್ನಿನ ಬೇಸಿಗೆ ಹಬ್ಬದಲ್ಲಿ ಉಪ್ಪಿನ ಮೀನು, ಎಳೆ ಆಲೂಗಡ್ಡೆಗಳ ತಟ್ಟೆಗೆ ಇದು ಇರಲೇಬೇಕು. ಎಲ್ಲ ಕಡೆಯೂ ಜಿಡ್ಡು ಅಥವಾ ಹಿಟ್ಟಿನ ಸಪ್ಪೆ ರುಚಿಯ ಮೇಲೆ ಈ ಹಸಿ ಪರಿಮಳ ಬೀಳುತ್ತದೆ. ಇದರಲ್ಲೊಂದು ಪೌಷ್ಟಿಕ ಜಾಣ್ಮೆಯೂ ಅಡಗಿದೆ. ಸೊಪ್ಪಿನಲ್ಲಿರುವ ಬೀಟಾ ಕ್ಯಾರೊಟಿನ್, ವಿಟಮಿನ್ ಕೆ ಎರಡೂ ಕೊಬ್ಬಿನಲ್ಲಿ ಕರಗುವಂಥವು, ಜೊತೆಗೆ ಬೆಣ್ಣೆಯೋ ಮೊಟ್ಟೆಯ ಹಳದಿಯೋ ಇದ್ದರೆ ಮೈಗೆ ಚೆನ್ನಾಗಿ ಹತ್ತುತ್ತವೆ.

ನಮ್ಮ ಅಡುಗೆಗೆ ಇದನ್ನು ತರುವುದಾದರೆ ಹೊಸದೇನೂ ಕಂಡುಹಿಡಿಯಬೇಕಿಲ್ಲ. ಬೇಯಿಸಿದ ಆಲೂಗಡ್ಡೆಯನ್ನು ಪುಡಿಮಾಡಿ, ಗಟ್ಟಿ ಮೊಸರು, ಉಪ್ಪು, ಕುಟ್ಟಿದ ಕಾಳುಮೆಣಸು ಸೇರಿಸಿ, ಕೊನೆಗೆ ಚೈವ್ಸ್ ಕಲಸಿದರೆ ಒಳ್ಳೆಯ ಮೊಸರುಬಜ್ಜಿ. ಮನೆಯ ಬೆಣ್ಣೆ 100 ಗ್ರಾಂಗೆ ಎರಡು ಮೂರು ಚಮಚ ಚೈವ್ಸ್, ಚೂರು ಉಪ್ಪು ಹಾಕಿ ಕಲಸಿಟ್ಟರೆ ಬಿಸಿ ಅಕ್ಕಿರೊಟ್ಟಿಯ ಮೇಲೆ ಕರಗುವಾಗ ಅದರ ಗುಣ ತಿಳಿಯುತ್ತದೆ. ಮೊಟ್ಟೆದೋಸೆಗೆ, ಮಜ್ಜಿಗೆಗೆ ಧಾರಾಳವಾಗಿ ಸೇರುತ್ತದೆ. ಹುಳಿಗೆ, ಸಾರಿಗೆ ಹಾಕಬೇಡಿ. ಆ ಮಸಾಲೆಯ ಅಬ್ಬರದಲ್ಲಿ ಇದು ಬಾಯಿಬಿಡುವುದೇ ಇಲ್ಲ.

ಚಿಟಿಕೆಯ ಮಾತು ಇಷ್ಟಾಯಿತು. ಇನ್ನು ಸೊಪ್ಪನ್ನು ಹಿಡಿಹಿಡಿಯಾಗಿ ತಿನ್ನುವವರ ವಿಷಯ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಗ್ರ್ಯೂನೆ ಸೋಸೆ ಎಂಬ ಹಸಿರು ಗೊಜ್ಜು ಇದೆ. ಬೊರೇಜ್, ಚೆರ್ವಿಲ್, ಕ್ರೆಸ್, ಪಾರ್ಸ್ಲಿ, ಪಿಂಪಿನೆಲ್, ಸಾರೆಲ್, ಚೈವ್ಸ್ ಹೀಗೆ ಏಳು ಸೊಪ್ಪು ಅದಕ್ಕೆ ಬೇಕೇ ಬೇಕು. ಊರಿನ ಓಬರಾಡ್ ಎಂಬ ಭಾಗದ ತೋಟಗಾರರು ಇವನ್ನು ತಲೆಮಾರುಗಳಿಂದ ಬೆಳೆಯುತ್ತಾರೆ, ಏಳನ್ನೂ ಒಂದೇ ಬಿಳಿ ಕಾಗದದಲ್ಲಿ ಸುತ್ತಿ ಮಾರುತ್ತಾರೆ. 2016ರಲ್ಲಿ ಯುರೋಪಿಯನ್ ಒಕ್ಕೂಟ ಈ ಸೊಪ್ಪಿನ ಕಟ್ಟಿಗೆ ಭೌಗೋಳಿಕ ಮಾನ್ಯತೆ ಕೊಟ್ಟಿತು, ನಮ್ಮ ನಂಜನಗೂಡು ರಸಬಾಳೆಗೆ ಸಿಕ್ಕಂಥದ್ದು. ಓಬರಾಡಿನಲ್ಲಿ ಏಳು ಪುಟ್ಟ ಗಾಜಿನ ಮನೆಗಳ ಸ್ಮಾರಕವನ್ನೂ ಈ ಗೊಜ್ಜಿಗೆ ಕಟ್ಟಿದ್ದಾರೆ, ಒಂದೊಂದು ಸೊಪ್ಪಿಗೂ ಒಂದೊಂದು. ಗೊಜ್ಜಿನ ಕ್ರಮ ಸರಳ. ಸೊಪ್ಪನ್ನೆಲ್ಲ ಹಸಿಯಾಗಿಯೇ ಸಣ್ಣಗೆ ಹೆಚ್ಚಿ ಅಥವಾ ರುಬ್ಬಿ, ಹುಳಿ ಕೆನೆ, ಮೊಸರುಗಳಲ್ಲಿ ಕಲಸಿ, ಬೇಯಿಸಿದ ಆಲೂಗಡ್ಡೆ ಮತ್ತು ಮೊಟ್ಟೆಯ ಜೊತೆ ತಣ್ಣಗೆ ತಿನ್ನುವುದು. ಒಬ್ಬೊಬ್ಬರ ಪಾಲಿಗೆ ಬರುವುದು ಚಿಟಿಕೆಯಲ್ಲ, ಒಂದು ಹಿಡಿ ಸೊಪ್ಪು. ಇಷ್ಟಾದಾಗ ಮೇಲಿನ ಕೋಷ್ಟಕದ ಅಂಕಿಗಳಿಗೆ ಜೀವ ಬರುತ್ತದೆ.

ಮಲೆನಾಡು, ಕರಾವಳಿಯ ಓದುಗರು ಇಷ್ಟು ಹೊತ್ತಿಗೆ ನಕ್ಕಿರಬೇಕು. ಹಸಿ ಸೊಪ್ಪನ್ನು ಹುಳಿ ಹಾಲಿನಲ್ಲಿ ಕದಡಿ ತಣ್ಣಗೆ ಉಣ್ಣುವುದೆಂದರೆ ಅದು ತಂಬುಳಿಯೇ. ಒಂದೆಲಗವನ್ನು ತೆಂಗಿನಕಾಯಿಯೊಂದಿಗೆ ಹಸಿಯಾಗಿ ರುಬ್ಬಿ ಮಜ್ಜಿಗೆಗೆ ಬೆರೆಸುವುದು, ದೊಡ್ಡಪತ್ರೆಯನ್ನು ಜೀರಿಗೆ, ಕಾಳುಮೆಣಸುಗಳ ಜೊತೆ ತುಪ್ಪದಲ್ಲಿ ಬಾಡಿಸಿ ರುಬ್ಬುವುದು, ಕುದಿಸದೆ ಮೇಲೊಂದು ಸಾಸಿವೆ ಒಗ್ಗರಣೆ ಕೊಡುವುದು, ಅನ್ನದ ಮೊದಲ ತುತ್ತಿಗೇ ಕಲಸುವುದು. ದೊಡ್ಡಪತ್ರೆಯ ಘಮಕ್ಕೆ ಕಾರಣವಾದ ಕಾರ್ವಕ್ರಾಲ್ ಮತ್ತು ಥೈಮಾಲ್‌ಗಳೇ ಓರೆಗಾನೊ, ಥೈಮ್‌ಗಳಲ್ಲೂ ಇರುವುದು. ಪಿಜ್ಜಾ ಜೊತೆ ಬಂದ ಓರೆಗಾನೊ ಚೀಟಿಗೆ ಆರೋಗ್ಯದ ಪಟ್ಟ ಕಟ್ಟುವವರ ಹಿತ್ತಿಲಲ್ಲಿ ದೊಡ್ಡಪತ್ರೆ ಕೇಳುವವರಿಲ್ಲದೆ ಹಬ್ಬಿರುತ್ತದೆ. ತಂಬುಳಿ ಉಂಡರೆ ಬುದ್ಧಿ ಚುರುಕಾಗುತ್ತದೆಂದು ನಾನು ಹೇಳುವುದಿಲ್ಲ, ಆ ಮಾತಿಗೆ ಬೇಕಾದ ಗಟ್ಟಿ ಪುರಾವೆ ಬಟ್ಟಲಿನ ಪ್ರಮಾಣದಲ್ಲಿ ಸಿಕ್ಕಿಲ್ಲ. ಆದರೆ ಊಟದಲ್ಲಿ ದಿನವೂ ಒಂದು ಹಿಡಿ ಹಸಿರು, ಒಂದು ಲೋಟ ಮಜ್ಜಿಗೆ ಸೇರುವುದು ಸಣ್ಣ ಲಾಭವಲ್ಲ.

ಕ್ಯಾನ್ಸರ್ ತಡೆಯುತ್ತದೆ ಎಂಬ ಮಾತು ಎಲ್ಲಿಂದ ಬಂತು? ಅದರ ಒಂದು ಮುಖ್ಯ ಮೂಲ ಚೀನಾದ ಶಾನ್‌ಡಾಂಗ್ ಪ್ರಾಂತ್ಯದ ಲಿಂಚು ಎಂಬ ಜಿಲ್ಲೆ. ಜಠರದ ಕ್ಯಾನ್ಸರಿನಿಂದ ಸಾಯುವವರು ಅಲ್ಲಿ ಬಹಳ. 1989ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ 564 ರೋಗಿಗಳ ಊಟವನ್ನು ರೋಗವಿಲ್ಲದ 1131 ಜನರ ಊಟದ ಜೊತೆ ಹೋಲಿಸಿತು. ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಚೀನೀ ಚೈವ್ಸ್ ಮುಂತಾದವನ್ನು ಎಲ್ಲರಿಗಿಂತ ಹೆಚ್ಚು ತಿನ್ನುವವರಲ್ಲಿ ಅಪಾಯ ಅರ್ಧಕ್ಕಿಂತ ಕಡಿಮೆ ಕಂಡಿತು. ಚೀನೀ ಚೈವ್ಸ್ ಎಂದರೆ ಚಪ್ಪಟೆ ಎಸಳಿನ, ಬಿಳಿ ಹೂವಿನ, ಬೆಳ್ಳುಳ್ಳಿ ವಾಸನೆಯ ಇನ್ನೊಂದು ಜಾತಿ. ಅಲ್ಲಿ ಅದನ್ನು ಮೊಟ್ಟೆಯೊಂದಿಗೆ ಹುರಿಯುತ್ತಾರೆ, ಕಡುಬಿನಂಥ ಡಂಪ್ಲಿಂಗ್‌ಗಳಿಗೆ ತುಂಬುತ್ತಾರೆ, ಅಂದರೆ ತರಕಾರಿಯಂತೆ ತಿನ್ನುತ್ತಾರೆ. ಅವರ ಅಳತೆ ವರ್ಷಕ್ಕೆ ಕಿಲೋಗಳ ಲೆಕ್ಕದ್ದು, ನಮ್ಮ ಚಮಚದ್ದಲ್ಲ.

ಊಟವನ್ನು ನೆನಪಿಸಿಕೊಂಡು ಹೇಳಿದ ಮಾತಿನಿಂದ ಕಾರಣ ಸಾಬೀತಾಗುವುದಿಲ್ಲ ಎಂದು ಸಂಶೋಧಕರಿಗೂ ಗೊತ್ತಿತ್ತು. 1995ರಲ್ಲಿ ಅದೇ ಲಿಂಚುವಿನ 3365 ಜನರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ ಪ್ರಯೋಗ ಶುರುಮಾಡಿದರು. ಕೆಲವರಿಗೆ ಬೆಳ್ಳುಳ್ಳಿ ಸಾರದ ಗುಳಿಗೆ, ಕೆಲವರಿಗೆ ವಿಟಮಿನ್, ಕೆಲವರಿಗೆ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಜಠರದ ರೋಗಾಣುವಿಗೆ ಎರಡು ವಾರದ ಔಷಧ. ಗುಳಿಗೆಗಳು ಏಳು ವರ್ಷಕ್ಕೂ ಮೇಲೆ ನಡೆದವು. 2006ರ ವರದಿಯಲ್ಲಿ ಬೆಳ್ಳುಳ್ಳಿ ಗುಂಪಿಗೆ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಕ್ಯಾನ್ಸರಿಗೆ ಮುನ್ನಿನ ಗಾಯಗಳು ಕಡಿಮೆಯಾಗಿದ್ದು ರೋಗಾಣುವಿಗೆ ಮದ್ದು ಪಡೆದವರಲ್ಲಿ. 22 ವರ್ಷ ಕಳೆದ ಮೇಲೆ 2019ರಲ್ಲಿ ಬಂದ ವರದಿಯಲ್ಲಿ ಬೆಳ್ಳುಳ್ಳಿ ಗುಂಪಿನಲ್ಲೂ ಜಠರದ ಕ್ಯಾನ್ಸರಿನ ಸಾವು ಕಡಿಮೆ ಎಂದು ಕಂಡಿತು. ಇಷ್ಟು ನಿಧಾನವಾದ, ಇಷ್ಟು ಷರತ್ತುಗಳಿರುವ ಕಥೆ ಇದು. ಆಮ್ಲೆಟ್ ಮೇಲಿನ ಹಸಿರು ಚೂರುಗಳವರೆಗೆ ಇದನ್ನು ಎಳೆದು ತರುವುದು ಅನ್ಯಾಯ.

ನನ್ನ ಮಟ್ಟಿಗೆ ಮೂಲಿಕೆಗಳ ನಿಜವಾದ ಉಪಕಾರ ಬೇರೆ ಕಡೆ ಇದೆ, ಅದಕ್ಕೆ ಚಿಟಿಕೆಯೂ ಸಾಕು. ಅಮೆರಿಕದ ಬಾಲ್ಟಿಮೋರಿನಲ್ಲಿ 55 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಲ್ಲರಿಗೂ ಮೊದಲು ಕೆಲವು ವಾರ ಉಪ್ಪು ಕಡಿಮೆ ಮಾಡಿದ ಊಟ ಕೊಟ್ಟರು. ಆಮೇಲೆ ಅರ್ಧದಷ್ಟು ಜನರಿಗೆ ಉಪ್ಪಿನ ಬದಲು ಸೊಪ್ಪು, ಮಸಾಲೆಗಳಿಂದ ರುಚಿ ಕಟ್ಟುವುದನ್ನು ಐದು ತಿಂಗಳಷ್ಟು ಕಾಲ ಕಲಿಸಿದರು, ಉಳಿದವರನ್ನು ಅವರ ಪಾಡಿಗೆ ಬಿಟ್ಟರು. ಕೊನೆಯಲ್ಲಿ ಕಲಿತವರು ಉಳಿದವರಿಗಿಂತ ದಿನಕ್ಕೆ ಸುಮಾರು 950 ಮಿಲಿಗ್ರಾಂ ಸೋಡಿಯಂ ಕಡಿಮೆ ತಿನ್ನುತ್ತಿದ್ದರು. ಉಪ್ಪಿನ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಅರ್ಧ ಟೀ ಚಮಚ. ದಿನಕ್ಕೆ 5 ಗ್ರಾಂ ಉಪ್ಪು ದಾಟಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳ ನಮ್ಮ ಊಟಕ್ಕೆ ಅದನ್ನು ಪಾಲಿಸುವುದು ಸುಲಭವಲ್ಲ. ರಕ್ತದೊತ್ತಡಕ್ಕೆ ಚೈವ್ಸ್ ಒಳ್ಳೆಯದು ಎಂಬ ಮಾತು ನಿಜವಾಗುವುದಾದರೆ ಹೀಗೆ: ಮೊಸರುಬಜ್ಜಿಗೆ ಅದನ್ನು ಹಾಕಿದ ದಿನ ಉಪ್ಪಿನ ಮರಿಗೆಯ ಕಡೆ ಕೈ ಕಡಿಮೆ ಹೋಗುತ್ತದೆ.

ಇನ್ನೊಂದು ಉಪಕಾರ ಹೊಟ್ಟೆಯ ತೊಂದರೆಯವರಿಗೆ. ಈರುಳ್ಳಿ, ಬೆಳ್ಳುಳ್ಳಿ ತಿಂದರೆ ಹೊಟ್ಟೆ ಉಬ್ಬರಿಸಿ ಒದ್ದಾಡುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಗಡ್ಡೆಗಳಲ್ಲಿ ಶೇಖರವಾಗುವ ಫ್ರಕ್ಟಾನ್ ಎಂಬ ಸಕ್ಕರೆ ಸರಪಳಿಗಳು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು ಹುದುಗುವುದು ಅದಕ್ಕೆ ಕಾರಣ. ಇಂಥವರಿಗಾಗಿ ಫಾಡ್‌ಮ್ಯಾಪ್ ಪಥ್ಯವನ್ನು ರೂಪಿಸಿದ್ದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯ. ಆ ಪಥ್ಯದಲ್ಲಿ ಈರುಳ್ಳಿ ಗಡ್ಡೆಗೆ ಪ್ರವೇಶವಿಲ್ಲ, ಚೈವ್ಸ್‌ಗೂ ಈರುಳ್ಳಿ ಸೊಪ್ಪಿನ ಹಸಿರು ಭಾಗಕ್ಕೂ ಇದೆ. ಎಲೆಯಲ್ಲಿ ಫ್ರಕ್ಟಾನ್ ಕಡಿಮೆ. ಈರುಳ್ಳಿ ಬಿಟ್ಟು ಬೇಸತ್ತವರಿಗೆ ಇದಕ್ಕಿಂತ ಸಮಾಧಾನದ ಸುದ್ದಿ ಇರದು.

ಚೈವ್ಸ್ ಪರದೇಶದ್ದು ಎನ್ನುವಾಗ ನಮ್ಮ ದೇಶದಲ್ಲೂ ನೆರೆಯಲ್ಲೂ ಇರುವ ಅದರ ನೆಂಟರನ್ನು ಮರೆಯಬಾರದು. ಮಣಿಪುರದಲ್ಲಿ ಮರೋಯ್ ನಕುಪ್ಪಿ, ಮರೋಯ್ ನಪಾಕ್ಪಿ ಎಂಬ ಎರಡು ಬಗೆಯ ಎಲೆಯೀರುಳ್ಳಿ ದಿನದ ಅಡುಗೆಗೇ ಬೇಕು. ಮೊದಲನೆಯದು ಚೀನೀ ಚೈವ್ಸ್‌ನ ಜಾತಿಯದೇ. ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧವಾದ ಮೈತೇಯಿ ವೈಷ್ಣವರ ಹಬ್ಬದೂಟದಲ್ಲೂ ಮರೋಯ್‌ಗೆ ಜಾಗವಿದೆ. ಏಕಾದಶಿ, ಚಾತುರ್ಮಾಸ್ಯ ನೋಡುವ ನಮ್ಮ ಮನೆಗಳ ಹಿರಿಯರು ಇದಕ್ಕೆ ಒಪ್ಪಲಾರರು, ಅದು ಬೇರೆ ಮಾತು. ಉತ್ತರಾಖಂಡದ ಎತ್ತರದ ಕಣಿವೆಗಳಲ್ಲಿ ಫರಣ್, ನೇಪಾಳದ ಮುಸ್ತಾಂಗಿನಲ್ಲಿ ಜಿಂಬು ಎಂಬ ಕಾಡು ಎಲೆಯೀರುಳ್ಳಿಗಳನ್ನು ಒಣಗಿಸಿಟ್ಟು ಬೇಳೆಗೆ ತುಪ್ಪದ ಒಗ್ಗರಣೆ ಕೊಡುತ್ತಾರೆ. ಒಣಗಿದರೆ ಚೈವ್ಸ್ ಸಪ್ಪೆಯಾಗುತ್ತದೆ ಎಂದೆ. ಜಿಂಬುವಿನ ಗತ್ತು ಬೇರೆ. ಕಾದ ತುಪ್ಪ ತಾಗಿದಾಗಲೇ ಅದರ ಪರಿಮಳ ಏಳುವುದು.

ಎಚ್ಚರಿಕೆಯ ಮಾತು ಎರಡಿವೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸೆನೋಕೌಮರಾಲ್ ಗುಳಿಗೆ ನುಂಗುವವರಿಗೆ ವಿಟಮಿನ್ ಕೆ ಏರುಪೇರಾಗಬಾರದು. ಒಂದು ಚಮಚ ಚೈವ್ಸ್‌ನಿಂದ ಏನೂ ಆಗದು. ಆದರೆ ಆರೋಗ್ಯದ ಹುಮ್ಮಸ್ಸಿನಲ್ಲಿ ದಿಢೀರನೆ ದಿನವೂ ಹಿಡಿಗಟ್ಟಲೆ ಸೊಪ್ಪು ಶುರುಮಾಡುವ ಮೊದಲು, ಅಥವಾ ತಿನ್ನುತ್ತಿದ್ದುದನ್ನು ಬಿಡುವ ಮೊದಲು, ವೈದ್ಯರಿಗೆ ಹೇಳಬೇಕು. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಈರುಳ್ಳಿ ಬಳಗದ ಯಾವುದನ್ನೂ ಅವಕ್ಕೆ ಹಾಕಬೇಡಿ, ಚೈವ್ಸ್ ಕಲಸಿದ ಮೊಟ್ಟೆಯನ್ನೂ. ಅದರ ಗಂಧಕದ ವಸ್ತುಗಳು ಅವುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಡಬ್ಬಿಯ ಬೆಲೆ ಹೆಚ್ಚೆನಿಸಿದರೆ ಕುಂಡದಲ್ಲಿ ಬೆಳೆಯಬಹುದು. ಬೀಜ ಮೊಳೆಯುವುದು ನಿಧಾನ, ಬೆಂಗಳೂರು, ಮೈಸೂರಿನ ಹವೆಗೆ ಮಳೆ ಕಳೆದ ಮೇಲಿನ ತಂಪಿನ ದಿನಗಳು ಅನುಕೂಲ. ನೆಲದಿಂದ ಎರಡು ಬೆರಳು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಹಿಂಡು ದಟ್ಟವಾದಾಗ ಬೇರುಸಹಿತ ಬಿಡಿಸಿ ಬೇರೆ ಕುಂಡಗಳಿಗೆ ಹಂಚಬಹುದು. ತಂಪು ದೇಶಗಳಲ್ಲಿ ಬಿಡುವ ಅದರ ನೇರಳೆ ಹೂವನ್ನೂ ತಿನ್ನುತ್ತಾರೆ, ಇಲ್ಲಿನ ಚಳಿ ಸಾಲದೆ ಹೂ ಬರುವುದು ಕಡಿಮೆ. ಸೆಕೆಯ ಊರಿನವರಿಗೆ ಚಪ್ಪಟೆ ಎಸಳಿನ ಚೀನೀ ಜಾತಿಯೇ ವಾಸಿ, ಬಿಸಿಲನ್ನು ಹೆಚ್ಚು ತಡೆಯುತ್ತದೆ. ಅದೂ ಬೇಡವೆಂದರೆ ಈರುಳ್ಳಿ ಬುಟ್ಟಿಯಲ್ಲಿ ಮೊಳಕೆ ಬಂದು ಎಸೆಯಲು ಎತ್ತಿಟ್ಟ ಗಡ್ಡೆಯನ್ನು ಮಣ್ಣಿಗೆ ಊರಿ. ವಾರದೊಳಗೆ ಬರುವ ಎಳೆ ಹಸಿರು ತುದಿಗಳನ್ನು ತೆಳ್ಳಗೆ ಹೆಚ್ಚಿದರೆ ಮೊಸರುಬಜ್ಜಿಗೆ ವ್ಯತ್ಯಾಸ ತಿಳಿಯುವುದು ಕಷ್ಟ.